ಎರೆ ಮಣ್ಣಿನಿಂದ ಕೆಂಪು ಮಣ್ಣಿಗೆ - ನನ್ನ ಮೊದಲ ಆಫ್-ರೋಡ್ ರೇಸು

ಬರೆದು ಬಹಳ ದಿನ ಆಯ್ತು. ಆಫೀಸಿನಲ್ಲಿ ಒಂದು ರಿಲೀಸು ಮುಗೀತು ಅನ್ನೋವಷ್ಟರಲ್ಲಿ ಇನ್ನೊಂದು ರಿಲೀಸು ತಲೆ ಮೇಲೆ ಕೂತಿರುತ್ತೆ. ಆದರೆ ಈ ಸಲ ಬರೆಯೋಕೆ ಒಂದು ಖರೇ ವಿಷಯ ಸಿಕ್ಕಿದೆ. ಹೋದ ತಿಂಗಳು ನಾನು ಜೀವನದಲ್ಲಿ ಮೊದಲ ಬಾರಿಗೆ ಒಂದು ಆಫ್-ರೋಡ್ ಬೈಕ್ ರೇಸಿನಲ್ಲಿ ಓಡಿಸಿದೆ. ಗೆಲ್ಲಲಿಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ, ನೀವು ಕೊನೆಯವರೆಗೆ ಕಾಯೋದು ಬೇಡ :-)

ನನ್ನ ಊರು ಘತ್ತರಗಿ. ಕಲಬುರಗಿ ಜಿಲ್ಲೆ, ಅಫಜಲಪುರ ತಾಲೂಕು, ಭೀಮಾ ನದಿ ದಂಡೆ. ಭಾಗ್ಯವಂತಿ ದೇವಿ ಗುಡಿ ಅಂದರೆ ಆ ಕಡೆಯವರಿಗೆಲ್ಲ ಗೊತ್ತು. ಬೆಂಗಳೂರಿನ ಗೆಳೆಯರಿಗೆ "ಗಾಣಗಾಪುರದ ಕಡೆ" ಅಂತ ಹೇಳಿ ಮುಗಿಸ್ತೀನಿ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು, ಮಳೆ ಬಂದರೆ ಅಂಟು. ಒಂದು ಹದ ಮಳೆ ಆದ ಮೇಲೆ ಹೊಲದ ದಾರಿಯಲ್ಲಿ ಗಾಡಿ ತಗೊಂಡು ಹೋದವರಿಗೆ ಗೊತ್ತು: ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಮಣ್ಣು ಮೆತ್ತಿಕೊಂಡು ಗಾಲಿ ತಿರುಗೋದೇ ನಿಂತುಬಿಡುತ್ತೆ. ಇಳಿದು ಕಟ್ಟಿಗೆಯಿಂದ ಕೆರೆದು ತೆಗೀಬೇಕು, ಮತ್ತೆ ನಾಲ್ಕು ಮಾರು ಹೋಗಬೇಕು, ಮತ್ತೆ ಕೆರೀಬೇಕು. ಅಂಥಾ ದಾರಿಯಲ್ಲಿ ನಮ್ಮವರು ನೂರು ಸಿಸಿ ಗಾಡಿಯ ಮೇಲೆ ಹೆಂಡತಿ, ಮಗು, ಮೇವಿನ ಹೊರೆ ಎಲ್ಲ ಇಟ್ಟುಕೊಂಡು ಹೋಗ್ತಾರೆ. ಹಾಗಾಗಿ "ಆಫ್-ರೋಡ್" ಅನ್ನೋ ಶಬ್ದ ಮೊದಲು ಕೇಳಿದಾಗ ನನಗೆ ನಗು ಬಂದಿತ್ತು. ರೋಡೇ ಇಲ್ಲದ ಮೇಲೆ ಅದರಿಂದ "ಆಫ್" ಆಗೋದು ಹೇಗೆ ಮಾರಾಯ್ರೇ?

ಹುಚ್ಚು ಹತ್ತಿದ್ದು ಇಂಜಿನಿಯರಿಂಗ್ ಓದುವಾಗ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಆದರು. 36ನೇ ಸ್ಥಾನ. ಅರ್ಜೆಂಟೀನಾ, ಬೊಲಿವಿಯಾ, ಚಿಲಿ ಹೀಗೆ ಮೂರು ದೇಶ ದಾಟಿ, ಎರಡು ವಾರ ಮರಳು, ಕಲ್ಲು, ಉಪ್ಪಿನ ಬಯಲಿನಲ್ಲಿ ಓಡಿಸುವ ರೇಸು ಅದು. ಆಮೇಲೆ ನಮ್ಮ ಉಡುಪಿಯ ಕೆ.ಪಿ. ಅರವಿಂದ್. ನಿಮ್ಮಲ್ಲಿ ಬಹಳ ಜನಕ್ಕೆ ಅವರು ಬಿಗ್ ಬಾಸ್‌ನಿಂದ ಗೊತ್ತಿರಬಹುದು. ಆದರೆ ಅದಕ್ಕೆ ಮುಂಚೆ 2017, 2018 ಎರಡೂ ವರ್ಷ ಡಕಾರ್‌ನಲ್ಲಿ ಅರ್ಧಕ್ಕೇ ಹೊರಬಿದ್ದು, ಮತ್ತೆ ಹೋಗಿ 2019ರಲ್ಲಿ 37ನೆಯವರಾಗಿ ಮುಗಿಸಿದವರು. ಅದೇ 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಇವರೆಲ್ಲರ ವಿಡಿಯೋ ನೋಡ್ತಾ ನೋಡ್ತಾ ನಾನೂ ಒಂದು ಎಕ್ಸ್‌ಪಲ್ಸ್ 200 ತಗೊಂಡೆ. ಮುಂದಿನ ಗಾಲಿ 21 ಇಂಚು, ಹಿಂದಿನದು 18, ನೆಲದಿಂದ 220 ಮಿ.ಮೀ. ಎತ್ತರ. ದೊಡ್ಡ ಗಾಲಿ ಯಾಕೆ ಅಂದರೆ, ತಗ್ಗಿನೊಳಗೆ ಬೀಳದೆ ಅದರ ಮೇಲೆ ಹಾಯ್ದು ಹೋಗುತ್ತೆ. ಚಕ್ಕಡಿ ಗಾಲಿ ಯಾಕೆ ಅಷ್ಟು ದೊಡ್ಡದು ಅಂತ ಯೋಚಿಸಿದರೆ ಸಾಕು, ಅದೇ ಲೆಕ್ಕ.

ಹೆಸರು ಕೊಟ್ಟ ಮೇಲೆ ಮನೆಗೆ ಫೋನ್ ಮಾಡಿದೆ.

"ಅವ್ವಾ, ಮುಂದಿನ ತಿಂಗಳ ರೇಸ್ ಅದ."
"ಎತ್ತಿಂದೇನು?"
"ಅಲ್ಲಬೇ, ಗಾಡಿದು."

ಆ ಕಡೆ ಸದ್ದಿಲ್ಲ. ಆಮೇಲೆ ಒಂದೇ ಮಾತು: "ನಿಮ್ಮ ಅಣ್ಣಂದು ನೆನಪಿಲ್ಲೇನು ನಿನಗ?"

ನೆನಪಿದೆ. ನಮ್ಮ ಕಾಕಾನ ಮಗ. ನನಗೆ ಗಾಡಿ ಓಡಿಸೋದು ಕಲಿಸಿದವನೇ ಅವನು. ಆರು ವರ್ಷದ ಹಿಂದೆ ಅಫಜಲಪುರದಿಂದ ರಾತ್ರಿ ಊರಿಗೆ ಬರುವಾಗ, ದಾರಿಯಲ್ಲಿ ನಿಂತಿದ್ದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಹೋಗಿ ಬಡಿದ. ಟ್ರೇಲರಿಗೆ ಹಿಂದೆ ದೀಪ ಇರಲಿಲ್ಲ, ಒಂದು ರೇಡಿಯಂ ಪಟ್ಟಿ ಕೂಡ ಇರಲಿಲ್ಲ. ಅವನ ಹೆಲ್ಮೆಟ್ ಮನೆಯ ಗೂಟಕ್ಕೆ ತೂಗುಬಿಟ್ಟಿತ್ತು. ಈಗಲೂ ಅಲ್ಲೇ ಇದೆ, ಕಾಕಾ ಅದನ್ನ ತೆಗೆಯೋಕೆ ಬಿಡೋದಿಲ್ಲ.

ಅವ್ವನಿಗೆ ಏನು ಹೇಳಬೇಕೋ ತಿಳೀಲಿಲ್ಲ. ಫೋನು ಅಪ್ಪನ ಕೈಗೆ ಹೋಯ್ತು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿಂದ ದವಾಖಾನಿ ಎಷ್ಟು ದೂರ ಅದ?" ಅಂಬುಲೆನ್ಸು ಟ್ರ್ಯಾಕಿನಲ್ಲೇ ನಿಂತಿರುತ್ತೆ, ಡಾಕ್ಟರು ಇರ್ತಾರೆ, ಅವರು ಬರದೆ ರೇಸು ಶುರು ಮಾಡೋದಿಲ್ಲ, ಎದುರಿನಿಂದ ಒಂದು ಗಾಡಿಯೂ ಬರೋದಿಲ್ಲ ಅಂತ ಎಲ್ಲ ವಿವರಿಸಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಮ್ಮ ರೋಡಿಗಿಂತ ಛಲೋ ಅದ ಬಿಡು, ಹೋಗು" ಅಂದರು.

ಆ ಮಾತು ರೇಸಿನಲ್ಲಿ ಕಲಿತ ಎಲ್ಲದಕ್ಕಿಂತ ದೊಡ್ಡದು ಅಂತ ಈಗ ಅನ್ನಿಸ್ತಿದೆ. ಇರಲಿ, ಕಲಿತದ್ದನ್ನ ಒಂದೊಂದಾಗಿ ಹೇಳ್ತೀನಿ.

1. ಮೊದಲು ಎತ್ತೋದು ಕಲೀಬೇಕು. ರೇಸಿಗೆ ಮುಂಚೆ ಎರಡು ದಿನದ ತರಬೇತಿಗೆ ಹೋಗಿದ್ದೆ. ಜಂಪ್ ಹೇಳಿಕೊಡ್ತಾರೆ ಅಂತ ಹೋದರೆ, ಮೊದಲ ಒಂದು ಗಂಟೆ ಮಲಗಿಸಿದ ಬೈಕನ್ನ ಎತ್ತಿ ನಿಲ್ಲಿಸೋದೇ ಪಾಠ. ಸೊಂಟ ಬಗ್ಗಿಸಿ ಎತ್ತಬಾರದು, ಮೊಣಕಾಲು ಬಗ್ಗಿಸಿ ಕಾಲಿನ ಬಲದಿಂದ ಎತ್ತಬೇಕು. ಮಣ್ಣಿನ ರೇಸಿನಲ್ಲಿ ಬೀಳೋದು ಲೆಕ್ಕದಲ್ಲೇ ಇರುತ್ತೆ. ಎಷ್ಟು ಬೇಗ ಎದ್ದು ಹೊರಡ್ತೀರಿ ಅನ್ನೋದೇ ಪ್ರಶ್ನೆ.

2. ನಿಂತು ಓಡಿಸಿ, ದೂರ ನೋಡಿ. ಸೀಟಿನ ಮೇಲೆ ಕೂತರೆ ಪ್ರತಿ ತಗ್ಗೂ ಬೆನ್ನಿಗೆ ಬರುತ್ತೆ. ಫುಟ್‌ರೆಸ್ಟ್ ಮೇಲೆ ನಿಂತು, ಮೊಣಕಾಲಿನಲ್ಲಿ ಟ್ಯಾಂಕ್ ಹಿಡಿದರೆ ಮೈಯೇ ಶಾಕ್ ಅಬ್ಸಾರ್ಬರ್ ಆಗುತ್ತೆ. ಕಣ್ಣು ಮುಂದಿನ ಗಾಲಿಯ ಮೇಲಲ್ಲ, ಇಪ್ಪತ್ತು ಮೂವತ್ತು ಮೀಟರ್ ಮುಂದೆ. ಕಲ್ಲನ್ನೇ ನೋಡ್ತಾ ಹೋದರೆ ಗಾಡಿ ಕಲ್ಲಿನ ಮೇಲೇ ಹೋಗುತ್ತೆ. ಟೈರಿನ ಗಾಳಿಯನ್ನ ರೋಡಿಗಿಂತ ಬಹಳ ಕಡಿಮೆ ಇಡ್ತಾರೆ, ಟೈರು ಅಗಲವಾಗಿ ಕೂತು ಮಣ್ಣು ಹಿಡೀಲಿ ಅಂತ.

3. ಬೇಗ ಹೋದರೂ ದಂಡ. ಇದು ನನಗೆ ಬಹಳ ಮಜಾ ಅನ್ನಿಸ್ತು. ನಾನು ಓಡಿಸಿದ್ದು ರ್‍ಯಾಲಿ ಪದ್ಧತಿಯ ರೇಸು. ಎಲ್ಲರೂ ಒಟ್ಟಿಗೆ ಹೊರಡೋದಿಲ್ಲ, ನಿಮಿಷಕ್ಕೆ ಒಬ್ಬರಂತೆ ಬಿಡ್ತಾರೆ. ಕೈಯಲ್ಲಿ ಒಂದು ಟೈಮ್ ಕಾರ್ಡ್. ಸ್ಪೆಷಲ್ ಸ್ಟೇಜಿನಲ್ಲಿ ಎಷ್ಟು ಬೇಗ ಬೇಕಾದರೂ ಹೋಗಿ. ಆದರೆ ಸ್ಟೇಜಿನಿಂದ ಸ್ಟೇಜಿಗೆ ಹೋಗುವ ಸಾಮಾನ್ಯ ರಸ್ತೆಯಲ್ಲಿ ಟ್ರಾಫಿಕ್ ನಿಯಮ ಪಾಲಿಸಬೇಕು, ಕೊಟ್ಟ ನಿಮಿಷಕ್ಕೇ ಮುಟ್ಟಬೇಕು. ತಡ ಆದರೆ ದಂಡ, ಮೊದಲೇ ಮುಟ್ಟಿದರೂ ದಂಡ. ಈ ನಿಯಮವನ್ನ ನಮ್ಮ ಪ್ರಾಜೆಕ್ಟ್ ಮ್ಯಾನೇಜರಿಗೆ ಯಾರಾದರೂ ಹೇಳಬೇಕು :-)

4. ಊರಿನ ವಿದ್ಯೆ ಎಲ್ಲೂ ಹೋಗೋದಿಲ್ಲ. ರೇಸು ಇದ್ದದ್ದು ತುಮಕೂರು ಕಡೆ, ನೀಲಗಿರಿ ತೋಪಿನ ನಡುವೆ. ಆರು ಕಿಲೋಮೀಟರ್ ಸ್ಟೇಜು, ಎರಡು ಸಲ. ಹೊಸಬರ ವಿಭಾಗದಲ್ಲಿ ನಾವು 23 ಜನ. ಕೆಂಪು ಮಣ್ಣು, ಅದರ ಮೇಲೆ ಸಣ್ಣ ಗರಸು. ಗೋಲಿ ಹರಡಿದ ನೆಲದ ಮೇಲೆ ಓಡಿಸಿದ ಹಾಗೆ. ಮಾರ್ಷಲ್ ಐದು ಬೆರಳು ತೋರಿಸಿ ಒಂದೊಂದೇ ಮಡಿಚುವಾಗ ಎದೆಯ ಸದ್ದು ಹೆಲ್ಮೆಟ್ಟಿನೊಳಗೆ ಕೇಳಿಸ್ತಿತ್ತು. ಮೊದಲ ಎರಡು ಕಿಲೋಮೀಟರಿಗೇ ಮುಂಗೈ ಕಲ್ಲಾಗಿತ್ತು. ನಾಲ್ಕನೇ ಕಿಲೋಮೀಟರಿನಲ್ಲಿ ಒಂದು ಕೆರೆಯ ಅಂಗಳ ಬಂತು. ಮೊನ್ನೆ ಮಳೆ ಆಗಿದ್ದರಿಂದ ಕಪ್ಪು ರಾಡಿ. ಅದನ್ನ ನೋಡಿದ್ದೇ ತಡ, ತವರುಮನೆ ಬಂದ ಹಾಗಾಯ್ತು! ನಮ್ಮ ಅಣ್ಣ ಹೇಳಿಕೊಟ್ಟದ್ದು ಅದೇ: ರಾಡಿಯಲ್ಲಿ ಮುಂದಿನ ಬ್ರೇಕ್ ಮುಟ್ಟಬ್ಯಾಡ, ಗೇರ್ ಬದಲಿಸಬ್ಯಾಡ, ಇಂಜಿನ್ ಎಳೀತಿರಲಿ, ಹಿಂದಿನ ಗಾಲಿ ಅತ್ತಿತ್ತ ಆದ್ರ ಆಗ್ಲಿ, ಹೆದರಬ್ಯಾಡ. ಇಬ್ಬರು ಅಲ್ಲಿ ಸಿಕ್ಕಿಹಾಕಿಕೊಂಡು ಗಾಡಿ ತಳ್ಳುತ್ತಿದ್ದರು. ನಾನು ಎರಡನೇ ಗೇರಿನಲ್ಲಿ ಪಕ್ಕದಿಂದ ದಾಟಿ ಹೋದೆ. ಮೊದಲ ಸುತ್ತಿನ ಕೊನೆಗೆ 23ರಲ್ಲಿ 9ನೆಯವನು.

5. ಬಿದ್ದವರ ಹತ್ತಿರ ನಿಲ್ಲಬೇಕು. ಎರಡನೇ ಸುತ್ತಿನಲ್ಲಿ ಒಂದು ಇಳಿಜಾರಿನ ತಿರುವು ದಾಟಿದರೆ, ನನಗಿಂತ ಮುಂಚೆ ಹೋದ ಹುಡುಗ ನೆಲದ ಮೇಲೆ. ಕಾಲು ಬೈಕಿನ ಕೆಳಗೆ, ಇಂಜಿನ್ ಇನ್ನೂ ಚಾಲೂ. ಅವನ ಹಿಂದೆ ಒಂದು ನಿಮಿಷಕ್ಕೆ ನಾನು, ನನ್ನ ಹಿಂದೆ ಒಂದು ನಿಮಿಷಕ್ಕೆ ಇನ್ನೊಬ್ಬ. ಧೂಳಿನಲ್ಲಿ ಅವನಿಗೆ ಏನೂ ಕಾಣೋದಿಲ್ಲ. ನನ್ನ ಗಾಡಿಯನ್ನ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಬೈಕ್ ಎತ್ತಿದೆ. ಓಡಿಹೋಗಿ ತಿರುವಿನ ಮುಂಚೆ ನಿಂತು ಎರಡೂ ಕೈ ಬೀಸಿದೆ. ಮಾರ್ಷಲ್ ಬರುವವರೆಗೆ ಸುಮಾರು ಎರಡು ನಿಮಿಷ. ಹುಡುಗನ ಭುಜದ ಎಲುಬು ಮುರಿದಿತ್ತು. ಹೆಲ್ಮೆಟ್ ಒಂದು ಬದಿ ಪೂರಾ ತೇದುಹೋಗಿತ್ತು. ತಲೆಗೆ ಏನೂ ಆಗಿರಲಿಲ್ಲ, "ನನ್ನ ಟೈಮ್ ಎಷ್ಟು?" ಅಂತ ಕೇಳ್ತಿದ್ದ!

ಇದೇನು ನಾನು ಮಾಡಿದ ಘನಕಾರ್ಯ ಅಲ್ಲ, ಈ ಆಟದ ರೂಢಿಯೇ ಹಾಗೆ. 2020ರ ಡಕಾರ್‌ನಲ್ಲಿ ನಮ್ಮ ಹೀರೋ ತಂಡದ ಪಾವ್ಲೊ ಗೊನ್ಸಾಲ್ವೆಸ್ ಬಿದ್ದಾಗ, ಗೆಲ್ಲುವ ಪೈಪೋಟಿಯಲ್ಲಿದ್ದ ಟೋಬಿ ಪ್ರೈಸ್ ತನ್ನ ರೇಸು ಬಿಟ್ಟು ನಿಂತ. ಪಾವ್ಲೊ ಉಳಿಯಲಿಲ್ಲ. ಮರುವರ್ಷ ಸೌದಿಯಲ್ಲಿ ಸಂತೋಷ್ ಬಿದ್ದು, ವೈದ್ಯರು ಅವರನ್ನ ಔಷಧಿ ಕೊಟ್ಟು ಕೋಮಾದಲ್ಲಿ ಇಡಬೇಕಾಯ್ತು. ಅವರು ಬದುಕಿ ಬಂದರು. ಇದು ಅಪಾಯವಿಲ್ಲದ ಆಟ ಅಂತ ನಾನು ಅವ್ವನಿಗೆ ಹೇಳಿಲ್ಲ, ನಿಮಗೂ ಹೇಳೋದಿಲ್ಲ.

ಕೊನೆಗೆ 14ನೇ ಸ್ಥಾನ. ಸಂಜೆ ಗೆದ್ದವರಿಗೆ ಚಪ್ಪಾಳೆ ಹೊಡೆದು, ಟೀ ಕುಡಿದು, ಕಾಲಿನ ಗಾರ್ಡು, ಎದೆಯ ಗಾರ್ಡು, ಬೂಟು ಒಂದೊಂದೇ ಬಿಚ್ಚುವಾಗ ಅಪ್ಪನ ಮಾತು ನೆನಪಾಯ್ತು. ಎದುರಿನಿಂದ ಯಾರೂ ಬಾರದ, ತಿರುವಿಗೊಬ್ಬ ಬಾವುಟ ಹಿಡಿದ ಮನುಷ್ಯ ನಿಂತ, ಅಂಬುಲೆನ್ಸ್ ಕಾದಿರುವ ದಾರಿಗೆ ನಾವು ಇಷ್ಟೆಲ್ಲ ಹಾಕಿಕೊಳ್ತೀವಿ. ದೀಪವಿಲ್ಲದ ಟ್ರೇಲರು ನಿಂತಿರುವ ದಾರಿಗೆ ತಲೆಗೊಂದು ಟವೆಲ್ ಸುತ್ತಿಕೊಂಡು ಹೋಗ್ತೀವಿ. ನಿಜವಾದ ರೇಸು ಯಾವುದು ಹೇಳಿ?

ಮುಂದಿನ ವಾರವೇ ಊರಿಗೆ ಹೋದೆ. ಎರಡು ಹೆಲ್ಮೆಟ್ಟು, ಒಂದು ರೇಡಿಯಂ ಪಟ್ಟಿಯ ಸುರುಳಿ ತಗೊಂಡು ಹೋಗಿದ್ದೆ. ಕಾಕಾನ ಜೊತೆ ಕೂತು ಓಣಿಯ ನಾಲ್ಕು ಟ್ರೇಲರಿಗೆ ಪಟ್ಟಿ ಅಂಟಿಸಿದೆವು. ಕಾಕಾ ಒಂದು ಮಾತೂ ಆಡಲಿಲ್ಲ, ಪಟ್ಟಿ ಡೊಂಕಾದಲ್ಲೆಲ್ಲ ಕಿತ್ತು ಮತ್ತೆ ನೆಟ್ಟಗೆ ಹಚ್ಚಿದರು. ಅಪ್ಪ ಹೆಲ್ಮೆಟ್ ಹಾಕಿ ನೋಡಿ, "ಇದ್ರಾಗ ಏನೂ ಕೇಳಂಗಿಲ್ಲಲ್ಲೋ" ಅಂದರು. ಅಫಜಲಪುರಕ್ಕೆ ಹೋಗುವಾಗ ಹಾಕ್ತಾರಂತೆ, ಹೊಲಕ್ಕೆ ಹೋಗುವಾಗ ಇಲ್ಲವಂತೆ. ಅರ್ಧ ಗೆಲುವು ಅಂದುಕೊಂಡಿದ್ದೀನಿ. ಅವ್ವ ಮಾತ್ರ ಇನ್ನೂ ಒಪ್ಪಿಲ್ಲ. ಅಮಾವಾಸ್ಯೆಗೆ ಭಾಗ್ಯವಂತಿಗೆ ಕಾಯಿ ಒಡೆಸಿ ಬಂದಳು, ರೇಸಿನಲ್ಲಿ ಗೆಲ್ಲಲಿ ಅಂತ ಅಲ್ಲ, ಬಿಡಲಿ ಅಂತ :-)

ನಿಮ್ಮಲ್ಲಿ ಯಾರಿಗಾದರೂ ಓಡಿಸುವ ಆಸೆ ಇದ್ದರೆ ಎರಡು ಮಾತು. ದುಡ್ಡನ್ನ ಮೊದಲು ಬೂಟು, ಮೊಣಕಾಲು ಗಾರ್ಡು, ಹೆಲ್ಮೆಟ್ಟಿಗೆ ಹಾಕಿ, ಉಳಿದರೆ ಬೈಕಿನ ಸೈಲೆನ್ಸರಿಗೆ. ನಿಮ್ಮ ವಿಮೆಯ ಪಾಲಿಸಿಯನ್ನ ಒಮ್ಮೆ ಪೂರ್ತಿ ಓದಿ, ಬಹಳಷ್ಟು ಪಾಲಿಸಿಗಳು ರೇಸಿನಲ್ಲಾದ ಗಾಯಕ್ಕೆ ದುಡ್ಡು ಕೊಡೋದಿಲ್ಲ. ಉಳಿದದ್ದು ಮಣ್ಣೇ ಕಲಿಸುತ್ತೆ.

ಫೋಟೋಗಳು ಗೆಳೆಯನ ಕ್ಯಾಮೆರಾದಲ್ಲಿವೆ, ಅವನು ಕೊಟ್ಟ ದಿನ ಹಾಕ್ತೀನಿ. ಸದ್ಯಕ್ಕೆ ನಂಬಿ.