ನಮ್ಮ ಗಾಡಿ

ನಮ್ಮ ಮನೆಯ ಕಪಾಟಿನಲ್ಲಿ ಎರಡನೆಯ ಮಹಾಯುದ್ಧವನ್ನು ಕುರಿತ ದಪ್ಪನೆಯ ಇಂಗ್ಲಿಷ್ ಸಚಿತ್ರ ಗ್ರಂಥವೊಂದಿದೆ. ಅದರ ರಟ್ಟು ಕಿತ್ತುಹೋಗಿ ಎಷ್ಟೋ ಕಾಲವಾಯಿತು. ಆರನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ನಾನು ಅದನ್ನು ಅಜ್ಜನ ಮುಂದೆ ಹರಡಿಕೊಂಡು ಕುಳಿತಿದ್ದೆ. ಒಂದು ಪುಟದಲ್ಲಿ ಮರಳುಗಾಡಿನ ನಡುವೆ ನಿಂತ ಲಾರಿಯ ಚಿತ್ರ. ಅದರ ಬಾಗಿಲ ಮೇಲೆ ಮೊರದಗಲದ ಕಪ್ಪು ಶಿಲುಬೆ. ಕೆಳಗೆ, ಆಫ್ರಿಕಾದಲ್ಲಿ ಜರ್ಮನ್ ಸೈನ್ಯದ ಲಾರಿ ಎಂಬ ಅಡಿಬರಹ. ಅಜ್ಜ ಕನ್ನಡಕವನ್ನು ಹಣೆಗೇರಿಸಿ, ಪುಟವನ್ನು ಮೂಗಿನ ಬಳಿಗೆ ತಂದುಕೊಂಡು, "ಇದು ನಮ್ಮ ಗಾಡಿ ಕಣೋ" ಎಂದರು.

"ಶಿಲುಬೆ ಕಾಣಿಸೋದಿಲ್ವೇ ಅಜ್ಜ? ಅದು ಜರ್ಮನರ ಗುರುತು" ಎಂದು ನಾನು ನಕ್ಕೆ. ಅಪ್ಪನೂ ನಕ್ಕರು. ಅಜ್ಜ ಪುಸ್ತಕವನ್ನು ಮೆಲ್ಲನೆ ಮುಚ್ಚಿ ಕೆಳಗಿಟ್ಟರು.

ನಮ್ಮ ನಗುವಿಗೆ ಒಂದು ಹಿನ್ನೆಲೆಯಿತ್ತು. ಅಜ್ಜ 1940ರಲ್ಲಿ ಬೆಂಗಳೂರಿನಲ್ಲಿ ಸೈನ್ಯಕ್ಕೆ ಸೇರಿ, ಲಾರಿ ಚಾಲಕರಾಗಿ ಈಜಿಪ್ಟ್, ಲಿಬಿಯಗಳ ಮರಳುಗಾಡಿಗೆ ಹೋಗಿದ್ದವರು. ಹಬ್ಬ ಹುಣ್ಣಿಮೆಗಳಲ್ಲಿ ನೆಂಟರು ಸೇರಿದಾಗ ಅವರು ಹೇಳುತ್ತಿದ್ದುದು ಒಂದೇ ಕತೆ. 1942ರ ಜೂನ್ ತಿಂಗಳು. ಟೊಬ್ರುಕ್ ಕೋಟೆ ಬಿದ್ದು ಇವರ ತಂಡ ಪೂರ್ವಕ್ಕೆ ಹಿಮ್ಮೆಟ್ಟುತ್ತಿದ್ದಿತು. ಒಂದು ಮುಸ್ಸಂಜೆ ಹಿಂದಿನಿಂದ ನಾಲ್ಕು ಲಾರಿಗಳು ಬಂದವು. ನಮ್ಮವೇ ಲಾರಿಗಳೆಂದು ಸೇಲಂ ಕಡೆಯ ಜೊತೆಗಾರನೊಬ್ಬ ಬರಿಯ ನೀರಿನ ಡಬ್ಬಿ ಹಿಡಿದು, ಕೈ ಬೀಸುತ್ತ ಎದುರಿಗೆ ಓಡಿದ. ಇಳಿದವರು ಜರ್ಮನರು. ದೂರದಲ್ಲಿದ್ದ ಅಜ್ಜ ಕತ್ತಲೆಯಲ್ಲಿ ತಪ್ಪಿಸಿಕೊಂಡರು. ಆ ಹುಡುಗನನ್ನು ಮತ್ತೆ ಕಾಣಲಿಲ್ಲ. "ನಮ್ಮ ಲಾರೀಲೇ ಕೂತು ನಮ್ಮನ್ನು ಹಿಡಿಯೋಕೆ ಬಂದರು" ಎನ್ನುವಾಗ ಅವರ ದನಿ ಇಳಿಯುತ್ತಿತ್ತು. ನಾವು ಅದನ್ನು ಮುದುಕರ ಉಪ್ಪುಖಾರವೆಂದು ತಿಳಿದಿದ್ದೆವು. 2003ರಲ್ಲಿ ಅಜ್ಜ ತೀರಿಕೊಂಡರು.

ಕನ್ನಡ ಎಂ.ಎ. ಮಾಡಿ, ಹಳೆಯ ಪಠ್ಯಗಳಲ್ಲಿ ಲಿಪಿಕಾರರು ಮಾಡಿದ ಸ್ಖಾಲಿತ್ಯಗಳನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ನನ್ನ ಉದ್ಯೋಗವಾಯಿತು. ಚಿತ್ರದ ಅಡಿಬರಹ ಬರೆದವನೂ ಒಬ್ಬ ಲಿಪಿಕಾರನೇ ಎಂಬುದು ಮಾತ್ರ ಬಹುಕಾಲ ಹೊಳೆದಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮರಳುಗಾಡಿನ ಯುದ್ಧದ ಚರಿತ್ರೆಯನ್ನು ಓದುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿದ್ದಿತು. 1942ರ ಜೂನ್ 21ರಂದು ಟೊಬ್ರುಕ್ ಶರಣಾದಾಗ ಮೂವತ್ತು ಸಾವಿರಕ್ಕೂ ಮಿಕ್ಕ ಸೈನಿಕರು ಸೆರೆಯಾದರು. ಅವರಲ್ಲಿ ಭಾರತೀಯರ ಒಂದು ಬ್ರಿಗೇಡೂ ಇದ್ದಿತು. ಜೊತೆಗೆ ಸುಮಾರು 2,000 ವಾಹನಗಳು ಜರ್ಮನರ ಕೈಸೇರಿದವು. ವಾಹನಗಳ ಕೊರತೆಯಿಂದ ಕಂಗೆಟ್ಟಿದ್ದ ರೊಮೆಲ್‌ನ ಸೈನ್ಯ ಅವುಗಳನ್ನೇ ಏರಿ ಈಜಿಪ್ಟಿನೊಳಕ್ಕೆ ನುಗ್ಗಿತು.

ರೊಮೆಲ್‌ನ ಸಂಚಾರಿ ಕಚೇರಿಯೇ ಕೊಳ್ಳೆಯ ಮಾಲು! 1941ರ ಏಪ್ರಿಲಿನಲ್ಲಿ ಮೆಕಿಲಿ ಎಂಬಲ್ಲಿ ಭಾರತದ ಮೂರನೆಯ ಮೋಟಾರ್ ಬ್ರಿಗೇಡ್ ಮುತ್ತಿಗೆಗೆ ಸಿಕ್ಕಿತು. ಅಲ್ಲಿ ದೊರೆತ ಡಾರ್ಚೆಸ್ಟರ್ ಎಂಬ ಭಾರೀ ಕವಚವಾಹನಗಳನ್ನು ಜರ್ಮನರು ಮಮ್ಮುಟ್, ಎಂದರೆ ದೈತ್ಯಗಜ, ಎಂದು ಕರೆದರು. ಎರಡಕ್ಕೆ ತಮ್ಮ ನಾಡಿನ ಮಕ್ಕಳ ಕತೆಯ ತುಂಟರಾದ ಮ್ಯಾಕ್ಸ್, ಮೊರಿಟ್ಸ್‌ರ ಹೆಸರಿಟ್ಟರು. ಅವನ್ನು ತಯಾರಿಸಿದ್ದು ಲಂಡನ್ನಿನ ಬಸ್ಸುಗಳನ್ನು ಮಾಡುತ್ತಿದ್ದ ಎ.ಇ.ಸಿ. ಕಂಪನಿ. ರೊಮೆಲ್‌ನ ಟೋಪಿಯ ಮೇಲೆ ಎಲ್ಲ ಚಿತ್ರಗಳಲ್ಲೂ ಮೆರೆಯುವ ಆ ಧೂಳುಗನ್ನಡಕ ಕೂಡ ಬ್ರಿಟಿಷರದೇ.

ಅಂದಿನಿಂದ ನನಗೆ ಒಂದು ಹುಚ್ಚು ಹಿಡಿಯಿತು. ಯುದ್ಧಕಾಲದ ಛಾಯಾಚಿತ್ರಗಳಲ್ಲಿ ವಾಹನಗಳ ಕುಲಗೋತ್ರ ಹುಡುಕುವ ಹುಚ್ಚು. ಮನೆಯಾಕೆ ಇದನ್ನು ಲಾರಿಗಳ ಜಾತಕ ನೋಡುವುದು ಎನ್ನುತ್ತಾಳೆ. ಮೊದಲು ನೋಡಬೇಕಾದುದು ಚಾಲಕ ಕುಳಿತ ಮಗ್ಗುಲು. ಜರ್ಮನ್ ಲಾರಿಗಳಲ್ಲಿ ಸ್ಟಿಯರಿಂಗ್ ಎಡಕ್ಕೆ. ಬ್ರಿಟಿಷ್ ಸೈನ್ಯಕ್ಕಾಗಿ ಕೆನಡಾದಲ್ಲಿ ತಯಾರಾದ ಫೋರ್ಡ್, ಷೆವ್ರೊಲೆ ಲಾರಿಗಳಲ್ಲಿ ನಮ್ಮ ಬಸ್ಸುಗಳಂತೆ ಬಲಕ್ಕೆ. ಆದರೆ ನೆಗೆಟಿವನ್ನು ತಿರುಗುಮುರುಗಾಗಿ ಅಚ್ಚು ಹಾಕಿದ್ದರೆ ಎಡ ಬಲವಾಗುತ್ತದೆ. ಆದ್ದರಿಂದ ಅಕ್ಷರಗಳು ನೇರವಾಗಿವೆಯೇ ಎಂದು ಪರೀಕ್ಷಿಸಬೇಕು. ಫೋರ್ಡ್ ಎಂಬ ಹೆಸರನ್ನು ಕಂಡೊಡನೆ ಕೊಳ್ಳೆಯದೆನ್ನುವುದೂ ದುಡುಕು. ಜರ್ಮನಿಯ ಕಲೋನ್ ನಗರದ ಫೋರ್ಡ್ ಕಾರ್ಖಾನೆ ಆ ಸೈನ್ಯಕ್ಕೂ ಲಾರಿ ಒದಗಿಸುತ್ತಿದ್ದಿತು. ಕೆನಡಾದ ಲಾರಿಗೆ ಮೊಂಡು ಮೂತಿ, ಅದರ ಮುಂದೆ ತಂತಿಯ ಜಾಲರಿ. ಜಾಲರಿಯ ಕಣ್ಣುಗಳು ಚೌಕವಾಗಿದ್ದರೆ ಫೋರ್ಡ್, ವಜ್ರಾಕಾರವಾಗಿದ್ದರೆ ಷೆವ್ರೊಲೆ. 1941ರ ಕೊನೆಯಿಂದ ಬಂದ ಮಾದರಿಯಲ್ಲಿ ಮುಂಗಾಜು ಮೇಲ್ತುದಿಯಲ್ಲಿ ಮುಂದಕ್ಕೆ ಬಾಗಿರುತ್ತದೆ. ಬಿಸಿಲಿಗೆ ಅದು ಹೊಳೆದು ಮೇಲೆ ಹಾರುವ ವಿಮಾನಕ್ಕೆ ಸುಳಿವು ಕೊಡಬಾರದೆಂಬ ಉಪಾಯ.

ಈ ವಿದ್ಯೆಯಲ್ಲಿ ನನ್ನನ್ನು ನಾಚಿಸಿದ ಪಾಠವೆಂದರೆ ಶಿಲುಬೆಯದು. ಹುಟ್ಟಾ ಜರ್ಮನ್ ಲಾರಿಗೆ ಅಷ್ಟು ದೊಡ್ಡ ಗುರುತಿನ ಅವಶ್ಯಕತೆಯೇ ಇರಲಿಲ್ಲ. ಅದರ ಆಕಾರವನ್ನು ಎಲ್ಲ ಸೈನಿಕರೂ ಬಲ್ಲರು. ವೈರಿಯ ಆಕಾರದ ವಾಹನವನ್ನು ಏರಿ ಹೊರಟವನಿಗೆ ತನ್ನವರ ಗುಂಡಿನದೇ ಭಯ. ಆದ್ದರಿಂದ ಬಾಗಿಲಿಗೆ, ಬಾನೆಟ್ಟಿಗೆ, ಟ್ಯಾಂಕಾದರೆ ಗೋಪುರದ ಸುತ್ತ, ದೂರಕ್ಕೆ ಎದ್ದು ಕಾಣುವಂತೆ ಶಿಲುಬೆ ಬಳಿಯುತ್ತಿದ್ದರು. ಶಿಲುಬೆ ಹಿರಿದಾದಷ್ಟೂ ವಾಹನದ ಜರ್ಮನ್ ಹುಟ್ಟಿನ ಬಗೆಗೆ ಸಂಶಯ ಹಿರಿದು. ಆದರೆ ಮುಸ್ಸಂಜೆಯ ಧೂಳಿನಲ್ಲಿ ಎದುರಿನಿಂದ ನೋಡಿದವನಿಗೆ ಬಾಗಿಲಿನ ಶಿಲುಬೆ ಕಂಡೀತೆ? ಕಾಣುವುದು ಮೊಂಡು ಮೂತಿ, ಜಾಲರಿ. ದಿನವೂ ತಾನೇ ಒರೆಸಿ ನೀರು ಹೊಯ್ದ ಮುಖ.

ಹಳೆಯ ಬರಹವನ್ನು ಕೆತ್ತಿ ಅಳಿಸಿ ಅದರ ಮೇಲೆಯೇ ಹೊಸತನ್ನು ಕಂಡರಿಸಿದ ಶಾಸನದ ಕಲ್ಲುಗಳುಂಟು; ಓರೆ ಬೆಳಕಿನಲ್ಲಿ ಹಿಂದಿನ ಅಕ್ಷರ ಇಣುಕುತ್ತದೆ. ಲಾರಿಗಳಲ್ಲೂ ಹಾಗೆಯೇ. ಬ್ರಿಟಿಷ್ ಸೈನ್ಯದಲ್ಲಿ ಲಾರಿಯ ಸಂಖ್ಯೆಗೆ ಮುನ್ನ ಎಲ್ ಎಂಬ ಅಕ್ಷರವಿರುತ್ತಿತ್ತು. ಜರ್ಮನ್ ಭೂಸೇನೆಯ ಫಲಕದಲ್ಲಿ ಡಬ್ಲ್ಯೂ ಎಚ್. ಅವಸರದಲ್ಲಿ ಬಳಿದ ಬಣ್ಣದಡಿಯಲ್ಲಿ ಹಳೆಯ ಸಂಖ್ಯೆ ಒಮ್ಮೊಮ್ಮೆ ಉಳಿದಿರುತ್ತದೆ.

ಕಳೆದ ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಆ ಗ್ರಂಥವನ್ನು ಮತ್ತೆ ತೆಗೆದು, ಭೂತಕನ್ನಡಿ ಹಿಡಿದು ಕುಳಿತೆ. ಫಲಕದಲ್ಲಿ ಡಬ್ಲ್ಯೂ ಎಚ್ ನೇರವಾಗಿಯೇ ಇದ್ದಿತು, ಚಿತ್ರ ತಿರುಗಿರಲಿಲ್ಲ. ಚಾಲಕ ಬಲಕ್ಕೆ ಕುಳಿತಿದ್ದ. ಜಾಲರಿಯ ಕಣ್ಣುಗಳು ಚೌಕ. ಬಾನೆಟ್ಟಿನ ಮಗ್ಗುಲಲ್ಲಿ, ಬಣ್ಣದ ಕೆಳಗೆ, ಮಸುಕಾದ ಒಂದು ಎಲ್.

ಅಪ್ಪನನ್ನು ಕರೆದು ಒಂದೊಂದನ್ನೂ ತೋರಿಸಿದೆ. ಅವರು ಭೂತಕನ್ನಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಅನಂತರ, ತಲೆಯೆತ್ತದೆಯೇ, "ಆ ಸೇಲಂ ಹುಡುಗನ ಹೆಸರು ಏನೋ ಹೇಳುತ್ತಿದ್ದರಲ್ಲ, ನಿನಗೆ ನೆನಪಿದೆಯೇ?" ಎಂದು ಕೇಳಿದರು.

ನನಗೆ ನೆನಪಿರಲಿಲ್ಲ. ಒಳಗೆ ಅಮ್ಮನನ್ನು ಕೇಳಿದೆವು. ಅವಳಿಗೂ ಇರಲಿಲ್ಲ.