ಕೆಜಿಎಫ್‌ಗೆ ಎರಡು ದಿನ

ದಸರಾ ರಜೆಗೆ ಮೊಮ್ಮಕ್ಕಳಿಬ್ಬರೂ ಬೆಂಗಳೂರಿನಿಂದ ಬರುತ್ತಾರೆಂದು ಗೊತ್ತಾದ ದಿನವೇ ಹಾಳೆಗೆ ಗೆರೆ ಎಳೆದು ಕೂತೆ. ಸಮಯ, ಸ್ಥಳ, ಖರ್ಚು, ಷರಾ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂದಲು ನರೆಸಿಕೊಂಡವನಿಗೆ ಕಲಂ ಹಾಕದೆ ಯೋಚನೆಯೇ ಬರುವುದಿಲ್ಲ. ಮೊಮ್ಮಗನ ಬೇಡಿಕೆ ಫೋನಿನಲ್ಲೇ ಬಂದಿತ್ತು: “ತಾತ, ಕೆಜಿಎಫ್ ತೋರಿಸ್ಬೇಕು. ರಾಕಿ ಭಾಯ್ ಇದ್ದ ಜಾಗ!”

ಅದು ಸಿನಿಮಾ ಕಣಪ್ಪಾ ಎಂದರೆ ಕೇಳುವ ವಯಸ್ಸಲ್ಲ.

ನಾವಿರುವುದು ಬಂಗಾರಪೇಟೆ. ಇಲ್ಲಿಂದ ಮಾರಿಕುಪ್ಪಂಗೆ ಕವಲೊಡೆಯುವ ರೈಲುದಾರಿಯನ್ನು ಚಿನ್ನದ ಗಣಿಗೆಂದೇ ಹಾಕಿ 1894ರಲ್ಲಿ ತೆರೆದರು. ಕೇವಲ ಹದಿನಾರು ಕಿಲೋಮೀಟರ್. ಕಾರು ಬೇಡ, ರೈಲೇ ಸರಿ ಎಂದು ಮೊದಲ ಸಾಲಿನಲ್ಲೇ ಬರೆದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ: ನಿಲ್ದಾಣದ ಹೆಸರುಗಳನ್ನು ಮಕ್ಕಳು ಮಗ್ಗಿಯಂತೆ ಹೇಳಿಕೊಂಡು ಹೋಗಲಿ. ದಾರಿಯಲ್ಲಿ ಕಾಣುವ ಬೂದುಬಣ್ಣದ ಬೋಳುಗುಡ್ಡಗಳು ನಿಜವಾದ ಗುಡ್ಡಗಳಲ್ಲ. ಅದಿರನ್ನು ಪುಡಿಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಅದು. ಸಿನಿಮಾದವರು ಚಿತ್ರೀಕರಣ ಮಾಡಿದ್ದೂ ಇಂಥ ಕಡೆಯೇ. ಷರಾ: ದೂರದಿಂದ ನೋಡುವುದು, ಹತ್ತುವಂತಿಲ್ಲ.

ಮೊಮ್ಮಗಳು ಎಂಟನೇ ತರಗತಿ, ವಿಜ್ಞಾನವೆಂದರೆ ಪ್ರಾಣ. ಅವಳಿಗೆ ಹೇಳಲು ಎರಡು ಸಂಗತಿ ಗುರುತು ಹಾಕಿಕೊಂಡೆ. ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳು ಅದಕ್ಕಾಗಿ ಇನ್ನೂ ಮೂರು ವರ್ಷ ಕಾದವು. ಇನ್ನೊಂದು, 1965ರಲ್ಲಿ ವಿಜ್ಞಾನಿಗಳು ಇದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಆಕಾಶದಿಂದ ಬರುವ ಕಿರಣಗಳಿಂದ ಹುಟ್ಟಿದ ನ್ಯೂಟ್ರಿನೋ ಎಂಬ ಕಣದ ಗುರುತು ಹಿಡಿದರು. ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆಯೇ ತಡೆದುಬಿಡುತ್ತಿತ್ತು. ನ್ಯೂಟ್ರಿನೋ ಮಾತ್ರ ಬಂಡೆಯನ್ನೂ ತೂರಿ ಬರುತ್ತದೆ.

ಮೊದಲ ದಿನ ಸಂಜೆ ಕಮ್ಮಸಂದ್ರದ ಕೋಟಿಲಿಂಗೇಶ್ವರ, 108 ಅಡಿಯ ಲಿಂಗ. ಎರಡನೇ ದಿನ ಬೇತಮಂಗಲದ ಕೆರೆ. ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟ ಪಾಲಾರ್ ನೀರು. ಸಂಜೆ ವಾಪಸ್ ಬಂದು ಬಂಗಾರಪೇಟೆಯ ಪಾನಿಪುರಿ. ನಮ್ಮೂರ ಪಾನಿ ಹಸಿರಾಗಿರುವುದಿಲ್ಲ, ತಿಳಿನೀರಿನ ಹಾಗಿರುತ್ತದೆ. ಬಾಯಿಗಿಟ್ಟ ಮೇಲೆ ಗೊತ್ತಾಗುತ್ತದೆ ಖಾರ! ಖರ್ಚಿನ ಕಲಂನಲ್ಲಿ ಅದಕ್ಕೆ ಧಾರಾಳವಾಗಿಯೇ ಬರೆದೆ. ನಮ್ಮ ಮನೆಯವರ ಮಂಡಿನೋವು ನೆನೆದು ಅಂತರಗಂಗೆಯ ಮೆಟ್ಟಿಲುಗಳನ್ನು ಕೈಬಿಟ್ಟೆ.

ಹಾಳೆಯನ್ನು ಪಕ್ಕದ ಮನೆಯವರಿಗೆ ತೋರಿಸಿದೆ. ಚಾಂಪಿಯನ್ ರೀಫ್ ಗಣಿಯಲ್ಲಿ ಇಪ್ಪತ್ತಾರು ವರ್ಷ ಕೆಳಗಿಳಿದು ದುಡಿದವರು. ಕನ್ನಡಕ ಏರಿಸಿ ಎಲ್ಲ ಓದಿದರು.

“ಎಲ್ಲಾ ಬರ್ದಿದೀರ ಸಾರ್. ನಾನು ಇಳೀತಿದ್ದ ಶಾಫ್ಟ್ ಎಲ್ಲಿ?”

“ಅಲ್ಲಿ ಒಳಗೆ ಬಿಡಲ್ವಲ್ಲ,” ಎಂದೆ. ಅದು ಅರ್ಧ ಸತ್ಯ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ನಾನು ರಾಬರ್ಟ್‌ಸನ್‌ಪೇಟೆಯ ಶಾಖೆಯೊಂದರ ಕೌಂಟರಿನಲ್ಲಿದ್ದೆ. ಪರಿಹಾರದ ಹಣ ಬಂದ ಮೇಲೆ ಗಣಿಯವರು ಸಾಲುಗಟ್ಟಿ ನಿಲ್ಲುತ್ತಿದ್ದರು. “ಇದು ಎಷ್ಟು ವರ್ಷಕ್ಕೆ ಆಗುತ್ತೆ ಸಾರ್?” ಎಂದು ಕೇಳಿದವರಲ್ಲಿ ಇವರೂ ಒಬ್ಬರು. ಬಿ.ಕಾಂ. ಓದಿದವನು ನಾನು, ಬಡ್ಡಿ ಲೆಕ್ಕ ಹಾಕಿ ಕೊಟ್ಟೆ. ಅವರು ಕೇಳಿದ್ದು ಬಡ್ಡಿಯನ್ನಲ್ಲ ಎಂದು ಆಗಲೂ ಗೊತ್ತಿತ್ತು. ನಿವೃತ್ತನಾದ ಮೇಲೆ ಆ ಕಡೆ ರೈಲು ಹತ್ತಿದವನಲ್ಲ ನಾನು.

ಅವರು ಕುರ್ಚಿ ಎಳೆದು ಕೂತರು. ಶಾಫ್ಟ್‌ನ ಮೇಲಿನ ಕಬ್ಬಿಣದ ಗೋಪುರ ಹೊರಗಿನಿಂದಲೇ ಕಾಣುತ್ತದಂತೆ, ಅಷ್ಟು ಸಾಕಂತೆ. ಮುಳ್ಳಯ್ಯನಗಿರಿಯನ್ನು ತಲೆಕೆಳಗಾಗಿ ಇಳಿಬಿಟ್ಟರೂ ಆ ಗಣಿಯ ತಳ ಮುಟ್ಟುವುದಿಲ್ಲ, ಆಳ 3 ಕಿಲೋಮೀಟರಿಗೂ ಹೆಚ್ಚು. ತಳದ ಬಂಡೆ 60 ಡಿಗ್ರಿಗೂ ಮೀರಿ ಕಾದಿರುತ್ತಿತ್ತು. “ಕೇಜ್ ಇಳಿಯುವಾಗ ಕಿವಿ ಕಟ್ಕೊಳ್ತಿತ್ತು ಸಾರ್. ಅದನ್ನ ನೀವು ಹೇಗೆ ಹೇಳ್ತೀರಾ ಮಕ್ಕಳಿಗೆ?” ಎಂದರು. ಮಾತಿನ ನಡುವೆ ಎರಡು ಸಲ ಕೆಮ್ಮಿ ಸುಧಾರಿಸಿಕೊಂಡರು.

ನಿಜವೇ. ನಾನು ಹೇಳಲಾರೆ.

ಮಾರಿಕುಪ್ಪಂ ಹೊಡೆದು ಹಾಕಿ, ಮೊದಲು ಚಾಂಪಿಯನ್‌ನಲ್ಲಿ ಇಳಿಯುವುದು ಎಂದು ಬರೆದೆ. ಷರಾ: ನಿಧಾನವಾಗಿ ನಡೆಯುವುದು, ನೀರಿನ ಬಾಟಲಿ ಎರಡು. ಟಿಕೆಟ್ ಕಲಂನಲ್ಲಿ ನಾಲ್ಕಿತ್ತು, ಐದು ಮಾಡಿದೆ. ಕಿಟಕಿ ಪಕ್ಕದ ಸೀಟು ತಮಗೇ ಬೇಕೆಂದು ಅವರು ಈಗಲೇ ಹೇಳಿಟ್ಟಿದ್ದಾರೆ. ಮೊಮ್ಮಗನನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂದಿದೆ.