ಕೆರೆಯಂಚಿನ ಕೆಸರು

ದೊಡ್ಡಬಳ್ಳಾಪುರ ದಾಟಿ ಘಾಟಿ ಸುಬ್ರಹ್ಮಣ್ಯದ ಹಾದಿ ಹಿಡಿದರೆ ಮಗ್ಗಗಳ ಸದ್ದು ಹಿಂದೆ ಉಳಿದು ಮಾಕಳಿದುರ್ಗದ ಬಂಡೆಗಳು ಎದುರಾಗುತ್ತವೆ. ಈಗ ಅರಣ್ಯ ಇಲಾಖೆಯ ವ್ಯವಸ್ಥೆಯಲ್ಲಿ ಮೊದಲೇ ಕಾದಿರಿಸಿಕೊಂಡು ಹತ್ತಬೇಕು. ತಂಪು ಹೊತ್ತಿನಲ್ಲಿ ಹತ್ತಿ, ಪಾಳುಕೋಟೆಯ ಶಿವನಿಗೆ ಕೈಮುಗಿದು, ಕೆಳಗೆ ರೈಲು ಹಾದುಹೋಗುವುದನ್ನು ನೋಡುವ ಸುಖ ದೊಡ್ಡದು. ಆದರೆ ನನಗೆ ಇಳಿಯುವ ಆತುರವೇ ಹೆಚ್ಚು. ಹತ್ತಿರದಲ್ಲೇ ಗುಂಡಮಗೆರೆ ಕೆರೆಯಿದೆ.

ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ ಕಟ್ಟಿದ ಮರದ ಹಾದಿಯಲ್ಲೂ ಅಡ್ಡಾಡಿದ್ದೇನೆ. ಅಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಇಳಿದು ಕೆಸರನ್ನು ತೆರೆದಿಡುತ್ತದೆ. ಬಯಲುಸೀಮೆಯ ಕೆರೆಗೆ ವರ್ಷಕ್ಕೆ ಒಂದೇ ಇಳಿತ. ಹಿಂಗಾರು ಮುಗಿದ ಮೇಲೆ ಶುರುವಾಗಿ ಬೇಸಿಗೆಯವರೆಗೂ ನೀರು ಗೇಣುಗೇಣಾಗಿ ಹಿಂದೆ ಸರಿಯುತ್ತದೆ. ಅದು ಬಿಟ್ಟುಹೋದ ಹಸಿ ಮಣ್ಣಿನಲ್ಲಿ ಹುಳು, ಹುಪ್ಪಟೆ, ಬಸವನಹುಳು. ಕಡಲತೀರದಲ್ಲಿ ಮೇಯುವ ಜಾತಿಯ ಹಕ್ಕಿಗಳು ಇಲ್ಲಿಗೂ ಬಂದಿಳಿಯುವುದು ಈ ಊಟಕ್ಕೇ.

ಘಾಟಿಯ ದನಗಳ ಜಾತ್ರೆ ಕಳೆದ ಮೇಲಿನ ದಿನಗಳು ನನಗೆ ಅಚ್ಚುಮೆಚ್ಚು. ಸೂರ್ಯ ಬೆನ್ನಿಗೆ ಬರುವಂತೆ ಕೆರೆಯಂಗಳದಲ್ಲಿ ಕೂರಬೇಕು. ಮೊದಲು ಟಿಟ್ಟಿಭ ಊರಿಗೆಲ್ಲ ಕೇಳುವಂತೆ ಕೂಗುತ್ತದೆ, ಎಲ್ಲವೂ ಹಾರುತ್ತವೆ. ಅಲುಗಾಡದೆ ಕೂತರೆ ಒಂದೊಂದಾಗಿ ಮರಳುತ್ತವೆ. ಆಗ ನೋಡಬೇಕು, ಅವುಗಳ ಪಾಲುಪಟ್ಟಿ! ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ ಮೊಣಕಾಲುದ್ದದ ನೀರಿಗಿಳಿಯುತ್ತದೆ. ನೀಳ ಕೊಕ್ಕಿನ ಉಲ್ಲಂಕಿ ಕೆಸರಿನೊಳಗೆ ಕಾಣದ ಹುಳುವನ್ನು ಕೊಕ್ಕಿನ ತುದಿಯ ಸ್ಪರ್ಶದಿಂದಲೇ ಪತ್ತೆಮಾಡುತ್ತದೆ. ಟಿಟ್ಟಿಭಕ್ಕೆ ಕಣ್ಣೇ ಆಧಾರ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಕುಕ್ಕುತ್ತದೆ. ಒಂದೇ ಅಂಚು, ಆದರೆ ಯಾರ ತಟ್ಟೆಗೂ ಯಾರೂ ಕೈಹಾಕುವುದಿಲ್ಲ. ಇವುಗಳ ನಡುವೆ ಚುಕ್ಕೆಬೆನ್ನಿನ ಪುಟ್ಟ ಗದ್ದೆಗೊರವ ಬಾಲ ಕುಣಿಸುತ್ತಾ ಓಡಾಡುತ್ತದೆ. ತೂಕ 100 ಗ್ರಾಂ ಕೂಡ ಇಲ್ಲ, ಸೈಬೀರಿಯದಂಥ ಉತ್ತರದ ಜೌಗುಗಳಲ್ಲಿ ಹುಟ್ಟಿದ ಜೀವ. ಅಷ್ಟು ದೂರದಿಂದ ಹಾರಿಬಂದದ್ದು ನನ್ನ ಚಪ್ಪಲಿಯಿಂದ ಹತ್ತು ಮಾರು ಆಚೆ ಮೇಯುತ್ತಿದೆ ಎಂದುಕೊಂಡಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇಷ್ಟೆಲ್ಲ ನಡೆಯುವುದು ಇಳಿಜಾರಾದ, ಆಳವಿಲ್ಲದ ದಡದಲ್ಲಿ. ಅಭಿವೃದ್ಧಿಯೆಂದರೆ ಕೆರೆಯನ್ನು ಸುತ್ತಲೂ ಸಮನಾಗಿ ಬಗೆದು, ದಡಕ್ಕೆ ಕಲ್ಲು ಕಟ್ಟಿ, ನಡಿಗೆಪಥ ಹಾಕುವುದು ಎಂದು ಈಗ ಅನೇಕರು ತಿಳಿದಿದ್ದಾರೆ. ಅಂಥ ಕೆರೆಯಲ್ಲಿ ನಾಮದಕೋಳಿ ಈಜಬಹುದು, ಗದ್ದೆಗೊರವಕ್ಕೆ ಕಾಲೂರಲು ಜಾಗವಿರುವುದಿಲ್ಲ. ಏರಿ ಭದ್ರವಾಗಲಿ, ತೂಬು ರಿಪೇರಿಯಾಗಲಿ, ಗೋಡುಮಣ್ಣು ಹೊಲಗಳಿಗೆ ಹೋಗಲಿ, ಯಾವುದೂ ಬೇಡವೆನ್ನುವುದಿಲ್ಲ. ಆದರೆ ನೀರು ಬರುವ ಕಡೆಯ ಆ ಇಳಿಜಾರನ್ನು ಮುಟ್ಟದೆ ಬಿಡಬೇಕೆಂದು ಕೆರೆ ಕೆಲಸಕ್ಕೆ ನಿಂತವರನ್ನೆಲ್ಲ ಕೇಳಿಕೊಳ್ಳುತ್ತೇನೆ.